ಹೆದರ್ ಹೂವಿನ ಬೆಟ್ಟಗಳು: ಯಾರ ಜೊತೆ ಹೋದರೆ ಯಾವುದು?

ಜುಲೈ ಕೊನೆಯಾಗುತ್ತಿದ್ದಂತೆ ನನಗೆ ಫೋನು ಬರಲು ಶುರುವಾಗುತ್ತದೆ. ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಕಡೆಯ ಕನ್ನಡದ ಗೆಳೆಯರು. ಎಲ್ಲರ ಪ್ರಶ್ನೆಯೂ ಒಂದೇ: "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಆ ನೇರಳೆ ಗುಡ್ಡ ತೋರಿಸಬೇಕು, ಎಲ್ಲಿಗೆ ಹೋಗೋದು?" ನಾನು ತಿರುಗಿ ಕೇಳುವುದೂ ಒಂದೇ: "ಅಪ್ಪನ ಮೊಣಕಾಲು ಹೇಗಿದೆ? ಕಾರು ಇದೆಯಾ?"

ಇಂಗ್ಲೆಂಡಿನ ಹೆದರ್ ಬೆಟ್ಟಗಳು ಫೋಟೊದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಕಾಲಿಟ್ಟ ಮೇಲೆಯೇ ವ್ಯತ್ಯಾಸ ಗೊತ್ತಾಗುವುದು. ಒಂದು ಕಡೆ ಕಾರಿನಿಂದ ಇಳಿದು ಐದು ನಿಮಿಷಕ್ಕೆ ಹೂವಿನ ನಡುವೆ ಇರುತ್ತೀರಿ. ಇನ್ನೊಂದು ಕಡೆ ಎರಡು ಗಂಟೆ ಏರಿದ ಮೇಲೆ ಸಿಗುವುದು ಕಪ್ಪು ಕೆಸರಿನ ಬಯಲು. ದೊಡ್ಡ ಹೆಸರಿನ ಬೆಟ್ಟದಲ್ಲಿ ಹೂ ಕಡಿಮೆ, ಹೂ ತುಂಬಿ ತುಳುಕುವ ಬಯಲಿನ ಹೆಸರು ಯಾರಿಗೂ ಗೊತ್ತಿಲ್ಲ, ಹೀಗೂ ಇರುತ್ತದೆ. ಶೆಫೀಲ್ಡಿಗೆ ಬಂದು ನೆಲೆಸಿದ ಮೇಲೆ ಅಮ್ಮನನ್ನು, ಮಂಡಿನೋವಿನ ಅಪ್ಪನನ್ನು, ಅಣ್ಣನ ಮಕ್ಕಳನ್ನು ಬೇರೆ ಬೇರೆ ವರ್ಷ ಈ ಗುಡ್ಡಗಳಿಗೆ ಕರೆದುಕೊಂಡು ಹೋಗಿದ್ದೇನೆ. ಅದರಿಂದ ಕಲಿತದ್ದು ಇಷ್ಟು: ಎತ್ತರ ನೋಡಿ ಬೆಟ್ಟ ಆರಿಸಬೇಡಿ. ಹೂವಿಗಾಗಿ ಹೋಗುವವರಿಗೆ ಬೇಕಾದದ್ದು ಬಯಲು, ತುದಿಯಲ್ಲ. ಆ ಬಯಲಿಗೆ ನಿಮ್ಮ ಜೊತೆಯವರು ಏದುಸಿರು ಬಿಡದೆ ತಲುಪಬೇಕು, ನಿಂತು ನೋಡುವಷ್ಟು ಶಕ್ತಿ ಉಳಿದಿರಬೇಕು.

ಮೊದಲು ಹೂವನ್ನು ತಿಳಿದುಕೊಳ್ಳಿ

ಹೆದರ್ ಎಂಬ ಹೆಸರು ಅಮ್ಮನ ಕಿವಿಗೆ "ಹೆದರು" ಎಂದೇ ಕೇಳಿಸಿತ್ತು. ಇಷ್ಟು ಚಂದದ ಹೂವಿಗೆ ಯಾಕಪ್ಪ ಅಂಥ ಹೆಸರು ಅಂದಿದ್ದರು. ಮೊಣಕಾಲೆತ್ತರದ ಕುರುಚಲು ಪೊದೆ ಅದು, ಕಾಂಡ ತಂತಿಯಂತೆ ಗಡುಸು. ಓದುವ ಕನ್ನಡಕ ಹಾಕಿಕೊಂಡು ಅಮ್ಮ ಒಂದು ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದರು. ಹೆಸರುಕಾಳಿನಷ್ಟು ಸಣ್ಣ ಸಣ್ಣ ಹೂ, ಒಂದೇ ಕಡ್ಡಿಗೆ ಸಾಲು ಸಾಲಾಗಿ ಪೋಣಿಸಿದ ಹಾಗೆ. ಎಲೆಯೋ ಎಲೆಯಲ್ಲ, ಕಾಂಡಕ್ಕೆ ಒತ್ತಿಕೊಂಡ ಹಸಿರು ಹುರುಪೆ. ಕಡ್ಡಿ ಅಲುಗಿಸಿದರೆ ಬೂದು ಬಣ್ಣದ ಪರಾಗ ಹೊಗೆಯಂತೆ ಏಳುತ್ತದೆ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವಾಗ ಅದರ ಮೇಲೆಲ್ಲ ಆ ಪುಡಿ ಕೂತಿತ್ತು.

ಮೂರು ಬಗೆಯನ್ನು ಗುರುತಿಟ್ಟುಕೊಂಡರೆ ದಾರಿಯೂ ತಿಳಿಯುತ್ತದೆ. ಬಯಲನ್ನೆಲ್ಲ ಆವರಿಸುವ ತಿಳಿ ನೇರಳೆಯದು ಲಿಂಗ್. ಅದು ಆಗಸ್ಟ್ ಮೊದಲ ವಾರ ಶುರುವಾಗಿ ಸೆಪ್ಟೆಂಬರ್ ನಡುವಿನವರೆಗೆ ಇರುತ್ತದೆ, ಆಗಸ್ಟ್ ಕೊನೆಯ ಎರಡು ವಾರ ಸಾಮಾನ್ಯವಾಗಿ ಅದರ ಭರ. ಬೆಲ್ ಹೆದರ್ ಎಂಬುದು ಗಾಢ ಬಣ್ಣದ ಪುಟ್ಟ ಗಂಟೆ, ಜುಲೈಯಲ್ಲೇ ಅರಳಿರುತ್ತದೆ. ಅದು ಇರುವ ಕಡೆ ನೆಲ ಒಣಗಿರುತ್ತದೆ, ಧೈರ್ಯವಾಗಿ ಕೂರಬಹುದು. ಮೂರನೆಯದು ಕ್ರಾಸ್-ಲೀವ್ಡ್ ಹೀತ್: ನಾಲ್ಕು ನಾಲ್ಕು ಎಲೆ ಸುತ್ತಲೂ ಕೂಡಿಸಿದಂತಿರುತ್ತವೆ, ತುದಿಯಲ್ಲಿ ಮಸುಕು ಗುಲಾಬಿ ಹೂ ಗೊಂಚಲಾಗಿ ತಲೆ ಬಾಗಿಸಿರುತ್ತದೆ. ಇದು ಕಂಡರೆ ಕೆಳಗೆ ನೀರಿದೆ ಎಂದರ್ಥ. ಅದರ ಪಕ್ಕದಲ್ಲೇ ಬಿಳಿ ಹತ್ತಿಯ ಉಂಡೆಗಳಂತಹ ಕಾಟನ್ ಗ್ರಾಸ್ ಕಂಡರಂತೂ ದಾರಿ ಬಿಟ್ಟು ಆ ಕಡೆ ಹೆಜ್ಜೆ ಇಡಬೇಡಿ. ಅದು ಹುದುಲು.

ಮುಳ್ಳಯ್ಯನಗಿರಿಯ ನೀಲಕುರಿಂಜಿ ನೋಡಿದವರಿಗೆ ಬೆಟ್ಟ ಬಣ್ಣ ಬದಲಿಸುವುದು ಹೊಸದಲ್ಲ. ಆದರೆ ಕುರಿಂಜಿಗೆ 12 ವರ್ಷ ಕಾಯಬೇಕು. ಹೆದರ್ ಪ್ರತಿ ವರ್ಷ ಬರುತ್ತದೆ. ಈ ವರ್ಷ ತಪ್ಪಿಸಿಕೊಂಡಿರೋ, ಮುಂದಿನ ಆಗಸ್ಟ್ ಇದೆ. ಇನ್ನೊಂದು ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಈ ಬಯಲುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಕಾಡಾಗಿದ್ದವು. ಸಾವಿರಾರು ವರ್ಷಗಳ ಹಿಂದೆ ಜನ ಮರ ಕಡಿದರು, ಮಣ್ಣು ಸತ್ವ ಕಳೆದುಕೊಂಡು ಹುಳಿಯಾಯಿತು, ಆ ಬಡ ಮಣ್ಣಿನಲ್ಲಿ ಹೆದರ್ ಹಬ್ಬಿತು. ಆಮೇಲೆ ಕುರಿ ಮೇಯಿಸುತ್ತಾ, ಗ್ರೌಸ್ ಹಕ್ಕಿಯ ಬೇಟೆಗೆಂದು ಹಳೆ ಪೊದೆಯನ್ನು ತುಂಡು ತುಂಡಾಗಿ ಸುಡುತ್ತಾ ಅದನ್ನು ಹಾಗೇ ಉಳಿಸಿಕೊಂಡು ಬಂದರು. ಎಳೆ ಚಿಗುರು ಹಕ್ಕಿಗೆ ಆಹಾರ, ಹಳೆ ಪೊದೆ ಅದಕ್ಕೆ ಅಡಗುದಾಣ. ಎದುರು ಗುಡ್ಡದ ಮೇಲೆ ತೇಪೆ ಹಾಕಿದ ಕೌದಿಯಂತೆ ಬಣ್ಣದ ಚೌಕಗಳು ಕಂಡರೆ ಅದು ಈ ಸುಡುವಿಕೆಯ ಗುರುತು. ಹಾಗಾಗಿ ನೀವು ನೋಡಲು ಹೋಗುತ್ತಿರುವುದು ಮನುಷ್ಯ, ಕುರಿ, ಬೆಂಕಿ ಮೂರೂ ಸೇರಿ ಕಾಪಾಡಿದ ಭೂಮಿಯನ್ನು. ಕೈಬಿಟ್ಟರೆ ಬಹಳಷ್ಟು ಕಡೆ ಬರ್ಚ್ ಮರಗಳು ತಾವಾಗಿ ಎದ್ದು ಬರುತ್ತವೆ.

ಅಪ್ಪ ಅಮ್ಮನ ಜೊತೆ: ಲಾಂಗ್‌ಶಾ, ಬರ್ಬೇಜ್, ಹಿಗ್ಗರ್ ಟಾರ್

ನನ್ನ ಮೊದಲ ಆಯ್ಕೆ ಇದೇ. ನನ್ನ ಊರಿನ ಪಕ್ಕದ್ದು ಎಂಬ ಅಭಿಮಾನವೂ ಇದೆ, ಒಪ್ಪುತ್ತೇನೆ. ಆದರೆ ವಯಸ್ಸಾದವರಿಗೆ ಇದಕ್ಕಿಂತ ಅನುಕೂಲದ ಹೆದರ್ ಬಯಲು ಶೆಫೀಲ್ಡ್ ಪಕ್ಕದ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಸೀಮೆಯಲ್ಲಿ ನಾನು ನೋಡಿಲ್ಲ. ಶೆಫೀಲ್ಡಿನಿಂದ ಕಾಸಲ್‌ಟನ್ ಕಡೆ ಹೋಗುವ 272 ನಂಬರಿನ ಬಸ್ಸಿನಲ್ಲಿ ಫಾಕ್ಸ್ ಹೌಸ್ ಹತ್ತಿರ ಇಳಿದರೆ ಆಯಿತು. ಅಲ್ಲಿಂದ ಬರ್ಬೇಜ್ ಕಣಿವೆಯುದ್ದಕ್ಕೂ ಒಂದು ಅಗಲವಾದ ದಾರಿ ಹೋಗುತ್ತದೆ, ಹಿಂದೆ ರಟ್ಲೆಂಡಿನ ಡ್ಯೂಕನ ಸಾರೋಟು ಓಡಾಡಲೆಂದು ಮಾಡಿದ್ದು. ಸಾರೋಟಿಗೆ ಮಾಡಿದ ದಾರಿಯಾದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಎಡಬಲ ಎರಡೂ ಕಡೆ ಹೂವು, ಬಲಗಡೆ ಮೇಲೆ ಕಪ್ಪು ಕಲ್ಲಿನ ಬಂಡೆಸಾಲು. ಅಪ್ಪ ಊರುಗೋಲು ಹಿಡಿದು ಒಂದು ಗಂಟೆ ನಡೆದರು, ನಡುವೆ ಎಲ್ಲಿ ಬೇಕೋ ಅಲ್ಲಿ ಕೂತರು.

ಫಾಕ್ಸ್ ಹೌಸ್ ಪಕ್ಕದ ಲಾಂಗ್‌ಶಾ ಜಮೀನು ಡ್ಯೂಕನ ಬೇಟೆಯ ಎಸ್ಟೇಟಾಗಿತ್ತು. 1927ರಲ್ಲಿ ಅದು ಮಾರಾಟಕ್ಕೆ ಬಂದಾಗ ಶೆಫೀಲ್ಡಿನ ಜನ ದುಡ್ಡು ಕೂಡಿಸಿ ಕೊಂಡು, ಆಮೇಲೆ ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು. ಇಂದು ಅಲ್ಲಿ ಚಹಾ ಸಿಗುವ ಕೆಫೆ, ಶೌಚಾಲಯ ಎರಡೂ ಇವೆ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವಾಗ ಬೆಟ್ಟದ ಎತ್ತರಕ್ಕಿಂತ ಮೊದಲು ನಾನು ವಿಚಾರಿಸುವುದು ಶೌಚಾಲಯವನ್ನು. ಅದಿಲ್ಲದಿದ್ದರೆ ಅಮ್ಮ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಕಾಲು ಗಟ್ಟಿಯಿದ್ದವರು ಸರ್‌ಪ್ರೈಸ್ ವ್ಯೂ ಎಂಬ ಪಾರ್ಕಿಂಗಿನಿಂದ ಹತ್ತಲಿ. ಪಾರ್ಕಿಂಗ್ ದಾಟಿದ ಕೂಡಲೇ ಹೂವು ಶುರು. ಅಲ್ಲಿಂದ ಓವರ್ ಔಲರ್ ಟಾರ್ ಬಂಡೆಗಳನ್ನು ಬಳಸಿ 434 ಮೀಟರ್ ಎತ್ತರದ ಹಿಗ್ಗರ್ ಟಾರ್ ತಲುಪಬಹುದು. ಕೆಳಗೆ ಕಾಣುವ ಚಪ್ಪಟೆ ಗುಡ್ಡ ಕಾರ್ಲ್ ವಾರ್ಕ್, ಕಲ್ಲು ಪೇರಿಸಿ ಗೋಡೆ ಕಟ್ಟಿದ ಪುರಾತನ ಕೋಟೆ. ದಾರಿಯ ಪಕ್ಕ ಅಲ್ಲಲ್ಲಿ ದುಂಡನೆಯ ದೊಡ್ಡ ಕಲ್ಲುಗಳು ಬಿದ್ದಿರುತ್ತವೆ. ಇಲ್ಲಿಯ ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲಿನಿಂದ ಕಡೆದು, ಕೊಳ್ಳುವವರಿಲ್ಲದೆ ಹಾಗೇ ಬಿಟ್ಟುಹೋದ ಗಿರಣಿಕಲ್ಲುಗಳು. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಲಾಂಛನವೂ ಅದೇ. ಅಮ್ಮ ಒಂದರ ಮೇಲೆ ಕೈಯಾಡಿಸಿ, "ನಮ್ಮಜ್ಜಿ ಮನೆ ಬೀಸೋಕಲ್ಲಿನ ಹಾಗೇ ಇದೆ ನೋಡು, ಹಲ್ಲು ಕಡಿಯೋದೊಂದು ಬಾಕಿ" ಅಂದರು. ಹೆದರ್ ಅದರ ನಡುವಿನ ತೂತಿನಿಂದ ಎದ್ದು ಹೂಬಿಟ್ಟಿತ್ತು.

ಇದರ ಕೊರತೆ ಎಂದರೆ ಜನ. ಆಗಸ್ಟ್ ಕೊನೆಯ ಸೋಮವಾರದ ರಜೆಯ ವಾರಾಂತ್ಯದಲ್ಲಿ ಬೆಳಿಗ್ಗೆ ಹತ್ತರ ಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ. ವಾರದ ದಿನ ಹೋಗಿ, ಇಲ್ಲವೇ ಸಂಜೆ ಐದರ ಮೇಲೆ ಹೋಗಿ. ಆಗಸ್ಟಿನಲ್ಲಿ ಎಂಟರವರೆಗೂ ಬೆಳಕಿರುತ್ತದೆ, ಇಳಿಬಿಸಿಲಿನಲ್ಲಿ ಬಯಲು ಮಧ್ಯಾಹ್ನಕ್ಕಿಂತ ಎರಡು ಪಟ್ಟು ಗಾಢವಾಗಿ ಕಾಣುತ್ತದೆ.

ಕಿಂಡರ್ ಸ್ಕೌಟ್: ಹೂವಿಗಲ್ಲ, ಹೆಜ್ಜೆಗೆ

ಎಲ್ಲರೂ ಮೊದಲು ಹೇಳುವ ಹೆಸರು ಇದು. 636 ಮೀಟರ್, ಪೀಕ್ ಡಿಸ್ಟ್ರಿಕ್ಟಿನಲ್ಲೇ ಎತ್ತರದ್ದು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ರೈಲಿನಲ್ಲಿ ಈಡೇಲ್ ಸ್ಟೇಷನ್ನಿನಲ್ಲಿ ಇಳಿದರೆ ಕಾರಿಲ್ಲದೆಯೇ ಬೆಟ್ಟದ ಬುಡಕ್ಕೆ ಬಂದಂತೆ. ಆದರೆ ಹೂವು ನೋಡಲೆಂದೇ ಬಂದವರನ್ನು ನಾನು ಇಲ್ಲಿಗೆ ಕಳಿಸುವುದಿಲ್ಲ. ಏರು ಕಡಿದಾಗಿದೆ, ಹೆದರ್ ಇರುವುದು ಹೆಚ್ಚಾಗಿ ಇಳಿಜಾರು ಮತ್ತು ಅಂಚುಗಳಲ್ಲಿ. ಮೇಲಿನ ಬಯಲು ಪೀಟ್ ಮಣ್ಣಿನದು. ಸಾವಿರಾರು ವರ್ಷ ಪಾಚಿ ಅರೆಕೊಳೆತು ಪದರ ಪದರವಾಗಿ ಕೂತ ಕಪ್ಪು ಮಣ್ಣು ಅದು. ಮ್ಯಾಂಚೆಸ್ಟರಿನ ಕಾರ್ಖಾನೆಗಳ ಹೊಗೆಯಿಂದ ಪಾಚಿ ಸತ್ತು, ಮಳೆಗೆ ಮಣ್ಣು ಕೊಚ್ಚಿ ಆಳೆತ್ತರದ ಕೊರಕಲುಗಳಾಗಿವೆ. ಈಗ ಆ ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿ, ಕೈಯಲ್ಲಿ ಪಾಚಿ ನೆಟ್ಟು ಬಯಲನ್ನು ಮತ್ತೆ ಬದುಕಿಸುವ ಕೆಲಸ ನಡೆದಿದೆ. ಮಂಜು ಬಿದ್ದಾಗ ಅಲ್ಲಿ ದಿಕ್ಕು ತಪ್ಪುವುದು ಬಹಳ ಸುಲಭ.

ಆದರೂ ಒಮ್ಮೆ ಹೋಗಲೇಬೇಕು ಎನ್ನುತ್ತೇನೆ, ಕಾರಣ ಬೇರೆ. 1932ರ ಏಪ್ರಿಲ್ 24ರಂದು ನೂರಾರು ಜನ ಕಾರ್ಮಿಕರು, ಹುಡುಗ ಹುಡುಗಿಯರು ಹೇಫೀಲ್ಡ್ ಕಡೆಯಿಂದ ಈ ಬೆಟ್ಟ ಹತ್ತಿದರು. ಆಗ ಇದು ಖಾಸಗಿ ಬೇಟೆಯ ಜಾಗ, ಕಾಲಿಡುವಂತಿರಲಿಲ್ಲ. ಬೇಟೆ ಕಾವಲುಗಾರರ ಜೊತೆ ತಳ್ಳಾಟವಾಯಿತು, ಐವರಿಗೆ ಜೈಲಾಯಿತು. ಮುಂದೆ ನಿಂತವನು ಬೆನ್ನಿ ರಾಥ್‌ಮನ್, ಇಪ್ಪತ್ತರ ಹುಡುಗ. ಕಾರ್ಖಾನೆಯಲ್ಲಿ ವಾರವೆಲ್ಲ ದುಡಿದವರಿಗೆ ಭಾನುವಾರ ಬೆಟ್ಟದ ಗಾಳಿ ಬೇಕೆಂದು ಕೇಳಿದ್ದಕ್ಕೆ ಜೈಲು. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಇದೇ ಪೀಕ್ ಡಿಸ್ಟ್ರಿಕ್ಟ್. 2000ನೇ ಇಸವಿಯ ಕಾಯ್ದೆಯಿಂದ ಇಂಗ್ಲೆಂಡ್, ವೇಲ್ಸ್‌ನ ಮೂರ್ ಎಂದು ಕರೆಯುವ ಇಂಥ ಕುರುಚಲು ಬಯಲುಗಳಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಸಿಕ್ಕಿತು. ಕುದುರೆಮುಖ ಹತ್ತಬೇಕಾದರೆ ಅರಣ್ಯ ಇಲಾಖೆಯ ಪರವಾನಗಿ ಬೇಕು ಎಂದು ಬೆಳೆದ ನನಗೆ, ಯಾರನ್ನೂ ಕೇಳದೆ ಈ ಬಯಲಿಗೆ ಕಾಲಿಡುವಾಗ ಆ ಐವರ ನೆನಪಾಗುತ್ತದೆ. ಕಾಡು ಉಳಿಸಲು ಮಿತಿ ಬೇಕು ಎಂಬುದೂ ನಿಜವೇ. ಆದರೆ ಈ ಹಕ್ಕು ಪುಕ್ಕಟೆ ಬಂದದ್ದಲ್ಲ.

ಹದಿಹರೆಯದ ಮಕ್ಕಳಿದ್ದರೆ ಈ ಕಥೆ ಹೇಳುತ್ತಾ ಜೇಕಬ್ಸ್ ಲ್ಯಾಡರ್ ದಾರಿಯಲ್ಲಿ ಹತ್ತಿಸಿ. ಇಡೀ ದಿನ ಬೇಕು, ನೀರು ಹೋಗದ ಬೂಟು ಬೇಕು.

ಯಾರ್ಕ್‌ಶೈರಿನ ಎರಡು: ಹಾರ್ಕಮ್ ಕೊಳ್ಳವೋ, ರೋಸ್‌ಬೆರಿ ಶಿಖರವೋ

ಕಣ್ಣು ಹಾಯಿಸಿದಷ್ಟೂ ನೇರಳೆ ಬೇಕು ಎನ್ನುವವರು ನಾರ್ತ್ ಯಾರ್ಕ್ ಮೂರ್ಸ್ ಕಡೆ ಹೋಗಬೇಕು. ಈ ರಾಷ್ಟ್ರೀಯ ಉದ್ಯಾನದ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೆದರ್ ಬಯಲೇ. ಇಲ್ಲಿ ಬೆಟ್ಟಗಳಿಗಿಂತ ಬಯಲು ದೊಡ್ಡದು. ಪೀಕ್ ಡಿಸ್ಟ್ರಿಕ್ಟಿನಲ್ಲಿ ಹೂವಿನ ಪಕ್ಕದಲ್ಲಿ ಊರು, ರಸ್ತೆ, ಬಂಡೆ ಕಾಣುತ್ತಿರುತ್ತವೆ. ಇಲ್ಲಿ ಒಂದೊಂದು ಕಡೆ ಆಕಾಶ ಮತ್ತು ಹೂವು, ಎರಡೇ.

ಹೋಲ್ ಆಫ್ ಹಾರ್ಕಮ್ ಎಂಬುದು ಬೋಗುಣಿಯಂತಹ ಕೊಳ್ಳ. ಸುಮಾರು 120 ಮೀಟರ್ ಆಳ, ಒಂದು ಕಿಲೋಮೀಟರಿಗೂ ಮಿಕ್ಕಿದ ಅಗಲ. ವೇಡ್ ಎಂಬ ದೈತ್ಯ ಹೆಂಡತಿಯ ಮೇಲೆ ಸಿಟ್ಟಾಗಿ ಒಂದು ಹಿಡಿ ಮಣ್ಣು ಬಾಚಿ ಎಸೆದನಂತೆ, ಬಾಚಿದ ಜಾಗ ಇದು. ನಮ್ಮಲ್ಲಿ ಭೀಮ ಬಂಡೆ ಎಸೆದ ಕಥೆಗಳಿಲ್ಲವೇ, ಅದೇ ಜಾತಿಯದು. ನಿಜದಲ್ಲಿ ನೆಲದೊಳಗಿಂದ ಜಿನುಗುವ ಒರತೆಗಳು ಸಾವಿರಾರು ವರ್ಷ ಬುಡವನ್ನು ಕೊರೆಯುತ್ತಾ ಇಳಿಜಾರನ್ನು ಕುಸಿಸುತ್ತಾ ಮಾಡಿದ ಕೊಳ್ಳ. ಇದರ ಗುಣ ಏನೆಂದರೆ, ಪಾರ್ಕಿಂಗ್ ಮೇಲೆಯೇ ಇದೆ. ಹತ್ತುವ ಕಷ್ಟವಿಲ್ಲದೆ ಕೊಳ್ಳದ ಅಂಚಿಗೆ ಬರುತ್ತೀರಿ, ಅಂಚಿನಗುಂಟ ಲೆವಿಶಮ್ ಮೂರ್ ಕಡೆ ಅಗಲವಾದ ದಾರಿ ಹೂವಿನ ನಡುವೆಯೇ ಸಾಗುತ್ತದೆ. ಕೊಳ್ಳಕ್ಕೆ ಇಳಿದು ಪೂರ್ತಿ ಸುತ್ತಿದರೆ ಸುಮಾರು 11 ಕಿಲೋಮೀಟರ್. ಮಂಡಿನೋವಿನವರು ಅಂಚಿನಲ್ಲಿ ಅರ್ಧ ಗಂಟೆ ಹೋಗಿ ಹಿಂದಿರುಗಿದರೂ ನಷ್ಟವಿಲ್ಲ. ಇನ್ನೂ ಮುಂದೆ ಸ್ಕೆಲ್ಟನ್ ಟವರ್ ಎಂಬ ಪಾಳು ಕಟ್ಟಡದ ಹತ್ತಿರ ಕೂತರೆ ಕೆಳಗಿನ ಕಣಿವೆಯಲ್ಲಿ ಪಿಕ್ಕರಿಂಗ್‌ನಿಂದ ಬರುವ ಹಬೆಯ ರೈಲು ಕಾಣುತ್ತದೆ. ಅಣ್ಣನ ಮಕ್ಕಳಿಬ್ಬರೂ ಹೂವು ಮರೆತು ಮುಂದಿನ ರೈಲಿಗೆ ಕಾಯುತ್ತಾ ಕೂತಿದ್ದರು. ಲೀಡ್ಸ್‌ನಿಂದ ವಿಟ್‌ಬಿಗೆ ಹೋಗುವ 840 ನಂಬರಿನ ಕೋಸ್ಟ್‌ಲೈನರ್ ಬಸ್ಸು ಇದೇ ರಸ್ತೆಯಲ್ಲಿ ಹಾದುಹೋಗುತ್ತದೆ. ಕಾರಿಲ್ಲದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ಶೌಚಾಲಯದ ಕೆಲಸ ಮಾತ್ರ ಪಿಕ್ಕರಿಂಗ್‌ನಲ್ಲೇ ಮುಗಿಸಿಕೊಂಡು ಹೊರಡಿ.

ರೋಸ್‌ಬೆರಿ ಟಾಪಿಂಗ್ ಇದಕ್ಕೆ ತದ್ವಿರುದ್ಧ. 320 ಮೀಟರಿನ ಪುಟ್ಟ ಶಿಖರ, 1912ರಲ್ಲಿ ಒಂದು ಪಕ್ಕ ಕುಸಿದು ಮೊನಚಾಗಿ ನಿಂತಿದೆ. ಫೋಟೊಗಳಲ್ಲಿ ಶಿಖರದ ಮುಂದೆ ಹೂವಿನ ಹಾಸು ಇರುತ್ತದಲ್ಲ, ಆ ಹಾಸು ಶಿಖರದ ಮೇಲಿಲ್ಲ, ಪಕ್ಕದ ಮೂರ್ ಬಯಲಿನಲ್ಲಿದೆ. ತುದಿಗೆ ಹತ್ತಿ ಇಳಿದು "ಎಲ್ಲಿ ಹೂವು?" ಎಂದು ಕೇಳಿದವರನ್ನು ಕಂಡಿದ್ದೇನೆ. ಸರಿಯಾದ ದಾರಿ ಹೀಗೆ: ಗ್ರೇಟ್ ಏಟನ್ ಕಡೆಯಿಂದ ಶಿಖರ ಹತ್ತಿ, ಪೂರ್ವದ ಬೆನ್ನಿನಿಂದ ಇಳಿದು ಮತ್ತೆ ಗ್ರೇಟ್ ಏಟನ್ ಮೂರ್ ಮೇಲೇರಿ, ಈಸ್ಬಿ ಮೂರ್‌ನ ಕ್ಯಾಪ್ಟನ್ ಕುಕ್ ಸ್ಮಾರಕದವರೆಗೆ ಹೋಗಿ. ಸಮುದ್ರಯಾನಿ ಜೇಮ್ಸ್ ಕುಕ್ ಹುಡುಗನಾಗಿದ್ದಾಗ ಇದೇ ಬೆಟ್ಟದ ಬುಡದ ತೋಟದ ಮನೆಯಲ್ಲಿ ಬೆಳೆದವನು. ಎಂಟು-ಹತ್ತು ವರ್ಷದ ಮಕ್ಕಳಿಗೆ ಶಿಖರ ಗೆದ್ದ ಸಂತೋಷ ಸಿಗುತ್ತದೆ, ನಿಮಗೆ ಹೂವು ಸಿಗುತ್ತದೆ. ಹಿರಿಯರಿಗೆ ಬೇಡ. ಕಲ್ಲು ಹಾಸಿದ ಮೆಟ್ಟಿಲುದಾರಿ ಮಳೆಯಲ್ಲಿ ಜಾರುತ್ತದೆ.

ಯಾರ್ಕ್‌ಶೈರ್‌ಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಆಗಸ್ಟ್ 12ಕ್ಕೆ ಗ್ರೌಸ್ ಬೇಟೆಯ ಕಾಲ ಶುರುವಾಗುತ್ತದೆ, ಡಿಸೆಂಬರ್ 10ರವರೆಗೆ ಇರುತ್ತದೆ. ಹೂವಿನ ಕಾಲವೂ ಅದೇ. ಖಾಸಗಿ ಮೂರ್‌ಗಳಲ್ಲಿ ಗುಂಡಿನ ಸದ್ದು ಕೇಳಬಹುದು. ಕೆಂಪು ಗ್ರೌಸ್ ಕಾಲಬುಡದಿಂದಲೇ ಎದ್ದು "ಗೋ ಬ್ಯಾಕ್, ಗೋ ಬ್ಯಾಕ್" ಎಂಬಂತೆ ಕೂಗುತ್ತಾ ತಗ್ಗಿನಲ್ಲೇ ಹಾರಿಹೋಗುತ್ತದೆ. ಆ ಕೂಗು ಕೇಳಿದ ದಿನವೇ ಕೋವಿಯ ಸದ್ದೂ ಕೇಳಿದರೆ ಮನಸ್ಸು ಭಾರವಾಗುತ್ತದೆ. ಬೇಟೆಯ ದುಡ್ಡಿನಿಂದಲೇ ಹೆದರ್ ಉಳಿದಿದೆ ಎನ್ನುವವರಿದ್ದಾರೆ, ಸುಡುವುದರಿಂದ ಪೀಟ್ ಹಾಳಾಗುತ್ತದೆ ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಇದು ಇನ್ನೂ ಬಿಸಿ ಆರದ ಜಗಳ. ಪೀಟ್ ಸಾವಿರಾರು ವರ್ಷಗಳ ಇಂಗಾಲ ಹಿಡಿದಿಟ್ಟುಕೊಂಡಿದೆ ಎಂಬುದನ್ನು ನೋಡಿದರೆ, ಆಳವಾದ ಪೀಟ್ ಇರುವ ಕಡೆ ಸುಡಬಾರದು ಎಂಬ ಪಕ್ಷ ನನ್ನದು.

ಲಾಂಗ್ ಮಿನ್ಡ್: ಬರ್ಮಿಂಗ್‌ಹ್ಯಾಮಿನವರಿಗೆ

ಶ್ರಾಪ್‌ಶೈರಿನಲ್ಲಿ ಆನೆ ಮಲಗಿದಂತೆ ಉದ್ದಕ್ಕೆ ಬಿದ್ದಿರುವ ಬೆಟ್ಟ. ಹೆಸರಿನ ಮಿನ್ಡ್ ಎಂಬ ಪದ ವೆಲ್ಶ್ ಭಾಷೆಯ ಬೆಟ್ಟ ಎಂಬ ಮಾತಿನಿಂದ ಬಂದದ್ದು. ಪೋಲ್ ಬ್ಯಾಂಕ್ ಎಂಬ ತುದಿ 516 ಮೀಟರ್. ಚರ್ಚ್ ಸ್ಟ್ರೆಟನ್ ರೈಲು ನಿಲ್ದಾಣದಿಂದ ನಡೆದೇ ಕಾರ್ಡಿಂಗ್ ಮಿಲ್ ಕಣಿವೆಗೆ ಹೋಗಬಹುದು. ಅಲ್ಲಿ ಹಳ್ಳದಲ್ಲಿ ಮಕ್ಕಳು ನೀರಾಡುತ್ತಿರುತ್ತಾರೆ, ಚಹಾದಂಗಡಿ ಇದೆ, ಶೌಚಾಲಯ ಇದೆ. ಮನೆಯಲ್ಲಿ ಅರ್ಧ ಜನಕ್ಕೆ ನಡೆಯಲು ಇಷ್ಟ, ಅರ್ಧ ಜನಕ್ಕೆ ಕೂರಲು ಇಷ್ಟ ಎಂದಾದರೆ ಇದೇ ಸರಿಯಾದ ಜಾಗ. ಒಂದು ಗುಂಪು ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂರಲಿ, ಇನ್ನೊಂದು ಗುಂಪು ಕಣಿವೆಯಗುಂಟ ಹತ್ತಿ ಹೂಬಯಲಿಗೆ ಹೋಗಿ ಬರಲಿ.

ಇಲ್ಲಿಯ ವಿಶೇಷ ಬಿಲ್‌ಬೆರಿ, ಈ ಸೀಮೆಯವರ ಬಾಯಲ್ಲಿ ವಿಂಬೆರಿ. ಹೆದರ್ ಪೊದೆಗಳ ನಡುವೆಯೇ ತಗ್ಗಾಗಿ ಬೆಳೆಯುವ ಗಿಡ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಎಲೆ ಎತ್ತಿ ನೋಡಿದರೆ ಕೆಳಗೆ ಬೂದಿ ಬಳಿದಂತಹ ಕಪ್ಪು ನೀಲಿ ಹಣ್ಣು ಒಂದೊಂದೇ ಇರುತ್ತದೆ. ಅಂಗಡಿಯ ಬ್ಲೂಬೆರಿಯ ಅರ್ಧ ಗಾತ್ರ, ಎರಡರಷ್ಟು ರುಚಿ. ತಿಂದರೆ ನೇರಳೆಹಣ್ಣು ತಿಂದ ಹಾಗೆ ನಾಲಿಗೆಗೆ ಬಣ್ಣ ಹಿಡಿಯುತ್ತದೆ. ಕವಳಿ, ನೇರಳೆ ಎಂದು ಗುಡ್ಡ ಸುತ್ತಿದ ಮಲೆನಾಡಿನ ಮಕ್ಕಳಿಗೆ ಇದು ಊರಿನ ನೆನಪೇ. ಪಕ್ಷಿಗಳಿಗೂ ಇರಲಿ, ಬಾಯಿಗಷ್ಟು ಮಾತ್ರ ಕೀಳಿ.

ಎಚ್ಚರಿಕೆ ಒಂದೇ. ಊರಿನಿಂದ ಬೆಟ್ಟದ ಮೇಲಕ್ಕೆ ಹೋಗುವ ಬರ್‌ವೇ ಎಂಬ ರಸ್ತೆ ಬಹಳ ಇಕ್ಕಟ್ಟು, ಒಂದು ಪಕ್ಕ ಪ್ರಪಾತ, ತಡೆಗೋಡೆ ಇಲ್ಲ. ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೂ ಎದುರಿನಿಂದ ಕಾರು ಬಂದರೆ ಕೈ ಬೆವರುತ್ತದೆ. ಹೊಸದಾಗಿ ಲೈಸೆನ್ಸ್ ತೆಗೆದವರು ಕೆಳಗೇ ನಿಲ್ಲಿಸಿ ನಡೆಯಿರಿ.

ಡಂಕರಿ ಬೀಕನ್: ಬಣ್ಣಕ್ಕಾಗಿ

ಬಣ್ಣ ಮಾತ್ರವೇ ಲೆಕ್ಕ ಎಂದಾದರೆ ನನ್ನ ಮತ ನೈಋತ್ಯ ಇಂಗ್ಲೆಂಡಿನ ಎಕ್ಸ್‌ಮೂರ್‌ನ ಡಂಕರಿಗೆ. ಇಲ್ಲಿ ಲಿಂಗ್ ಮತ್ತು ಬೆಲ್ ಹೆದರ್ ಜೊತೆಗೆ ವೆಸ್ಟರ್ನ್ ಗಾರ್ಸ್ ಎಂಬ ಮುಳ್ಳುಪೊದೆಯೂ ಅದೇ ಸಮಯಕ್ಕೆ ಹಳದಿ ಹೂ ಬಿಡುತ್ತದೆ. ನೇರಳೆ ಸೀರೆಗೆ ಅರಿಶಿನದ ಬುಟ್ಟಾ ನೆಯ್ದ ಹಾಗೆ ಕಾಣುತ್ತದೆ ಇಡೀ ಗುಡ್ಡ. 519 ಮೀಟರ್ ಎತ್ತರ, ಸಾಮರ್‌ಸೆಟ್ ಕೌಂಟಿಗೇ ಎತ್ತರದ್ದು. ಆದರೂ ಡಂಕರಿ ಗೇಟ್ ಪಾರ್ಕಿಂಗಿನಿಂದ ತುದಿಗೆ ಒಂದು ಕಿಲೋಮೀಟರಿನ ಆಸುಪಾಸು ಅಷ್ಟೇ, ನಿಧಾನಕ್ಕೆ ನಡೆದರೂ ಅರ್ಧ ಗಂಟೆ. ತುದಿಯಲ್ಲಿ ಕಂಚಿನ ಯುಗದ ಸಮಾಧಿಯ ಕಲ್ಲುಗುಡ್ಡೆಗಳಿವೆ. ಆಕಾಶ ತಿಳಿಯಾಗಿದ್ದರೆ ಬ್ರಿಸ್ಟಲ್ ಕಡಲ್ಗಾಲುವೆಯಾಚೆ ವೇಲ್ಸ್ ಕಾಣುತ್ತದೆ.

ಆದರೆ ದೂರ. ಲಂಡನ್ನಿನಿಂದ ನಾಲ್ಕು ಗಂಟೆಯ ಡ್ರೈವ್, ಕೊನೆಯ ಹತ್ತು ಮೈಲಿ ಬೇಲಿಸಾಲಿನ ನಡುವಿನ ಕಿರುದಾರಿ. ಬಸ್ಸು, ರೈಲು ನಂಬಿ ಹೊರಡಬೇಡಿ. ಮೇಲೆ ಶೌಚಾಲಯವಿಲ್ಲ, ನೆರಳಿಲ್ಲ. ಒಂದು ದಿನಕ್ಕೆಂದು ಹೋಗಿ ಬರಬೇಡಿ, ಪೋರ್ಲಾಕ್ ಕಡೆ ಎರಡು ರಾತ್ರಿ ಉಳಿದುಕೊಳ್ಳಿ. ಉಳಿದರೆ ಇನ್ನೊಂದು ಲಾಭವಿದೆ: ಎಕ್ಸ್‌ಮೂರ್ 2011ರಲ್ಲಿ ಯುರೋಪಿನ ಮೊದಲ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ದೀಪದ ಬೆಳಕಿನಿಂದ ಕಾಪಾಡುವ ಸೀಮೆ, ಆಯಿತು. ಊರಿನಲ್ಲಿ ಕರೆಂಟು ಹೋದ ರಾತ್ರಿ ಅಂಗಳದಿಂದ ಕಾಣುತ್ತಿದ್ದಷ್ಟು ನಕ್ಷತ್ರ ಇಲ್ಲಿ ಕಾಣುತ್ತವೆ.

ಸ್ಕಾಟ್ಲೆಂಡ್, ಜರ್ಮನಿಯವರಿಗೆ ಎರಡು ಮಾತು

ಎಡಿನ್‌ಬರೋದವರು ಇಷ್ಟು ದೂರ ಬರಬೇಕಿಲ್ಲ. ಪೆಂಟ್ಲೆಂಡ್ ಬೆಟ್ಟಗಳ ಬುಡಕ್ಕೆ ಸಿಟಿ ಬಸ್ಸೇ ಹೋಗುತ್ತದೆ, 493 ಮೀಟರಿನ ಆಲರ್‌ಮ್ಯೂರ್ ಮೇಲಿಂದ ಇಡೀ ನಗರ, ಅದರಾಚೆ ಸಮುದ್ರದ ಕೊಲ್ಲಿ ಕಾಣುತ್ತದೆ. ಗಾಳಿ ಜೋರು, ಕಿವಿ ಮುಚ್ಚುವ ಟೋಪಿ ಆಗಸ್ಟಿನಲ್ಲೂ ಬೇಕು.

ಹ್ಯಾಂಬರ್ಗ್ ಕಡೆಯವರಿಗೆ ಲ್ಯೂನೆಬುರ್ಗ್ ಹೈಡೆ ಇದೆ. ಅಲ್ಲಿ ಎತ್ತರವೆಂದರೆ ವಿಲ್ಸೆಡರ್ ಬೆರ್ಗ್, ಬರೀ 169 ಮೀಟರ್, ನಮ್ಮ ಲೆಕ್ಕದಲ್ಲಿ ದಿಬ್ಬ. ಆದರೆ ಒಳಗೆ ಕಾರು ಬಿಡುವುದಿಲ್ಲ, ಕುದುರೆಗಾಡಿಗಳಿವೆ. ನಡೆಯಲು ಆಗದೇ ಇರುವ ಅಜ್ಜಿಯನ್ನೂ ಹೂವಿನ ನಡುವೆ ಕರೆದುಕೊಂಡು ಹೋಗಬಹುದಾದ ಜಾಗ ಇದು. ಹೈಡ್‌ಶ್ನುಕೆ ಎಂಬ ಬೂದು ಉಣ್ಣೆಯ ಕುರಿಗಳ ಮಂದೆ ಅಲ್ಲಿ ಮೇಯುತ್ತಿರುತ್ತದೆ. ಎಳೆ ಮರಗಳನ್ನು ತಿಂದು ಬಯಲನ್ನು ಬಯಲಾಗಿಯೇ ಉಳಿಸುವುದು ಅವೇ.

ಯಾವ ಬೆಟ್ಟಕ್ಕೆ ಹೋದರೂ

ಸೀರೆ ಬೇಡ ಎಂದು ಅಮ್ಮಂದಿರಿಗೆ ಮೊದಲೇ ಹೇಳಿ. ಹೆದರ್ ಕಡ್ಡಿಗೆ ನೆರಿಗೆ ಸಿಕ್ಕಿದರೆ ಹರಿಯದೆ ಬಿಡುವುದಿಲ್ಲ. ಚೂಡಿದಾರ್, ಉದ್ದ ಕಾಲುಚೀಲ, ಅಡಿ ಗಟ್ಟಿಯಿರುವ ಶೂ. ಕಾಲುಚೀಲ ಉಣುಗಿನ ಕಾರಣಕ್ಕೆ. ಶಿವಮೊಗ್ಗ ಜಿಲ್ಲೆಯವರಿಗೆ ಉಣುಗು ಎಂದರೆ ಮಂಗನ ಕಾಯಿಲೆಯ ನೆನಪು. ಇಲ್ಲಿಯ ಉಣುಗು ತರುವುದು ಲೈಮ್ ಎಂಬ ಬೇರೆ ಕಾಯಿಲೆ. ಬ್ರ್ಯಾಕನ್ ಎಂಬ ಎತ್ತರದ ಜರೀಗಿಡದ ನಡುವೆ ನಡೆದು ಬಂದ ದಿನ ಮಂಡಿಯ ಹಿಂಭಾಗ, ಸೊಂಟ, ಮಕ್ಕಳ ಕೂದಲ ಬುಡ ನೋಡಿ. ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಉಂಗುರ ಹರಡಿದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಆಡರ್ ಎಂಬ ಹಾವೂ ಇದೆ, ಬ್ರಿಟನ್ನಿನ ಒಂದೇ ವಿಷದ ಹಾವು, ನಮ್ಮ ಕೊಳಕುಮಂಡಲದ ಬಳಗದ್ದು. ಅಷ್ಟು ಘೋರವಲ್ಲ, ಹೆಜ್ಜೆಯ ಸದ್ದಿಗೆ ಸರಿದುಹೋಗುತ್ತದೆ. ದಾರಿ ಬಿಟ್ಟು ಪೊದೆಯೊಳಗೆ ಕೈಹಾಕದಿದ್ದರೆ ಸಾಕು.

ಬೆಂಕಿಯ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ. ಬಿಸಾಡುವ ಬಾರ್ಬೆಕ್ಯೂ ಟ್ರೇ, ಸಿಗರೇಟು, ಏನೂ ಬೇಡ. 2018ರ ಜೂನ್‌ನಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸ್ಯಾಡಲ್‌ವರ್ತ್ ಮೂರ್‌ಗೆ ಬಿದ್ದ ಬೆಂಕಿ ಆರಿಸಲು ಸೈನಿಕರನ್ನು ಕರೆಸಬೇಕಾಯಿತು. 2025ರ ಆಗಸ್ಟಿನಲ್ಲಿ ನಾರ್ತ್ ಯಾರ್ಕ್ ಮೂರ್ಸ್‌ನ ಲ್ಯಾಂಗ್‌ಡೇಲ್ ಮೂರ್ ಹೂವಿನ ಭರದಲ್ಲೇ ಸುಟ್ಟುಹೋಯಿತು. ಪೀಟ್ ಮಣ್ಣಿಗೆ ಬೆಂಕಿ ತಗುಲಿದರೆ ಮೇಲೆ ಆರಿದರೂ ಒಳಗೆ ವಾರಗಟ್ಟಲೆ ಉರಿಯುತ್ತಿರುತ್ತದೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನ ಕಾಫಿ, ನಮ್ಮ ಬುತ್ತಿಗೆ ಬೆಂಕಿ ಬೇಕಾಗಿಯೇ ಇಲ್ಲ.

ಹಿಂದಿರುಗುವಾಗ ಊರಿನ ಅಂಗಡಿಯಲ್ಲಿ ಹೆದರ್ ಜೇನು ಕೇಳಿ. ಆಗಸ್ಟಿನಲ್ಲಿ ಜೇನು ಸಾಕುವವರು ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಮೂರ್ ಬಯಲಿಗೆ ತಂದಿಡುತ್ತಾರೆ. ಈ ಜೇನು ಕೊಡಗಿನ ಜೇನಿನಂತೆ ಹರಿಯುವುದಿಲ್ಲ. ಬಾಟಲಿ ಬಗ್ಗಿಸಿದರೂ ಹಲ್ವದಂತೆ ನಿಂತಿರುತ್ತದೆ, ಚಮಚದಲ್ಲಿ ಕಲಕಿದರೆ ತೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಹಾಗಾಗಿ ಹುಟ್ಟನ್ನು ಒತ್ತಿಯೇ ತೆಗೆಯಬೇಕು, ಬೆಲೆಯೂ ಹೆಚ್ಚು. ರುಚಿಯಲ್ಲಿ ಒಂದು ಸಣ್ಣ ಕಹಿ ಇದೆ. ಅಪ್ಪನಿಗೆ ಅದು ತುಂಬಾ ಇಷ್ಟವಾಗಿ ಎರಡು ಬಾಟಲಿ ಊರಿಗೆ ಹೊತ್ತುಕೊಂಡು ಹೋದರು.

ಸೆಪ್ಟೆಂಬರ್ ಕೊನೆಗೆ ಬಂದವರು ಹೂವು ತಪ್ಪಿತೆಂದು ಮನೆಯಲ್ಲೇ ಕೂರಬೇಡಿ. ಲಿಂಗ್ ಹೂವು ಉದುರುವುದಿಲ್ಲ, ಗಿಡದಲ್ಲೇ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಬಿಲ್‌ಬೆರಿಯ ಎಲೆ ಕೆಂಪಾಗುತ್ತದೆ. ಹಿಗ್ಗರ್ ಟಾರ್‌ನಲ್ಲಿ ಆಗ ಪಾರ್ಕಿಂಗ್ ಸುಲಭವಾಗಿ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಎಕ್ಸ್‌ಮೂರ್‌ಗೆ ಹೋಗುವ ಹಾಗಿದ್ದರೆ ಬೆಳಗಿನ ಜಾವ ಡಂಕರಿಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಸುಮ್ಮನೆ ಕೂತಿರಿ. ಬೆದೆಗೆ ಬಂದ ಕೆಂಪು ಜಿಂಕೆಯ ಗಂಡು ಕಣಿವೆಯ ಆ ಕಡೆಯಿಂದ ಗುಟುರು ಹಾಕುವುದು ಮಂಜಿನೊಳಗಿಂದ ಕೇಳಿಸುತ್ತದೆ.